ಒಂದನೇ ನಂಬರಿನ ಪಾದ

ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಶಟರ್ ಎತ್ತಿ, ಕಂಪ್ಯೂಟರಿನ ಗುಂಡಿ ಒತ್ತಿ, ಅದು ಏಳುವಷ್ಟರಲ್ಲಿ ನೆಲ ಗುಡಿಸಿಬಿಡುವುದು ಅಟ್ಟೆಯಕ್ಕನ ರೂಢಿ. ಹಿಂದೆಲ್ಲ ಅವಳು ಅರ್ಧ ಗುಡಿಸುವಾಗಲೇ ಕಂಪ್ಯೂಟರ್ ಎದ್ದು ಕೂರುತ್ತಿತ್ತು. ಈಗ ಗುಡಿಸಿ, ಒರೆಸಿ, ಟೀ ಕುಡಿದು ಲೋಟ ತೊಳೆದು ಬೋರಲು ಹಾಕಿದರೂ ಪರದೆಯ ಮೇಲೆ ಆ ಸಣ್ಣ ಉಂಗುರ ಸುತ್ತುತ್ತಲೇ ಇರುತ್ತಿತ್ತು. ಅಂತೂ ಎದ್ದ ಮೇಲೆ ಅದು ಮೊದಲು ಆಡುವ ಮಾತು ಒಂದೇ. ನಿಮ್ಮ ಆಪರೇಟಿಂಗ್ ಸಿಸ್ಟಂ ಹಳೆಯದಾಗಿದೆ, ಹೊಸದು ಸಿದ್ಧವಿದೆ, ಹಾಕಿಕೊಳ್ಳುವಿರಾ? ಕೆಳಗೆ ಎರಡು ಗುಂಡಿ. ಒಂದರ ಮೇಲೆ ‘ಈಗಲೇ’, ಇನ್ನೊಂದರ ಮೇಲೆ ‘ನಂತರ’.

ಅರವತ್ತಮೂರು ದಿನದಿಂದ ಅವಳು ‘ನಂತರ’ವನ್ನೇ ಒತ್ತುತ್ತಿದ್ದಳು. ಒತ್ತಿದ ಮೇಲೆ ನೆಮ್ಮದಿಯಾಗಬೇಕಲ್ಲ, ಆಗುತ್ತಿರಲಿಲ್ಲ. ಕೂತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಬೀದಿಯ ತನಕ ಹೋಗಿ ಬರಬೇಕು ಅನಿಸುತ್ತಿತ್ತು. ಬೀದಿಯಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಎದುರಿಗೆ ಹಲ್ಲಿನ ಸೆಟ್ ಮಾಡುವವನ ಅಂಗಡಿ, ಪಕ್ಕದಲ್ಲಿ ಬೀಗದ ಕೈ ಮಾಡುವವನ ಡಬ್ಬಿ, ತಿರುವಿನಲ್ಲಿ ಬಸ್ ಸ್ಟಾಪು, ಅಷ್ಟೇ. ಆದರೂ ದಿನಕ್ಕೆ ನಾಲ್ಕು ಸಲ ಹೋಗಿ ಅದನ್ನೇ ನೋಡಿ ಬರುತ್ತಿದ್ದಳು.

ಅವಳು ಅಟ್ಟೆ ಮಾಡುವವಳು. ಒಂದು ಕಾಲು ಗಿಡ್ಡ ಇರುವವರು, ಪಾದ ಸೊಟ್ಟಗಿರುವವರು, ಸಕ್ಕರೆ ಕಾಯಿಲೆಯಿಂದ ಹಿಮ್ಮಡಿಯಲ್ಲಿ ಹುಣ್ಣಾದವರು, ಇಂಥವರಿಗೆ ಅಂಗಡಿಯಲ್ಲಿ ಸಾಲಾಗಿ ಜೋಡಿಸಿಟ್ಟ ಬೂಟು ಆಗುವುದಿಲ್ಲ. ಅವರ ಅಂಗಾಲಿನ ಅಳತೆ ತೆಗೆದು, ಕಾರ್ಕಿನ ಹಾಳೆಯನ್ನು ಯಂತ್ರದಲ್ಲಿ ಪದರ ಪದರವಾಗಿ ಕತ್ತರಿಸಿ, ಎಷ್ಟು ಬೇಕೋ ಅಷ್ಟು ಎತ್ತರಕ್ಕೆ ಅಂಟಿಸಿ ಬೂಟಿನ ಅಡಿಗೆ ಕೂರಿಸಬೇಕು. ಈ ಕೆಲಸಕ್ಕೆ ಊರಲ್ಲೆಲ್ಲ ಅವಳೊಬ್ಬಳೇ ಇದ್ದದ್ದರಿಂದ ಹೆತ್ತವರಿಟ್ಟ ಹೆಸರು ಮೂಲೆಗೆ ಬಿದ್ದು ಅಟ್ಟೆಯಕ್ಕ ಎಂಬುದೇ ನಿಂತುಹೋಯಿತು. ಗಂಡನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದ.

ಅವಳ ಅಂಗಡಿಗೆ ಅವಳದೇ ಕಟ್ಟಳೆಗಳಿದ್ದವು. ಗಿರಾಕಿ ಒಳಗೆ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ, “ಎಲ್ಲಿ ನೋಯತ್ತೆ?” ಎರಡನೆಯದು, “ಹಳೇ ಜೊತೆ ತಂದಿದೀರಾ?” ಸವೆದ ಅಟ್ಟೆಯನ್ನು ತಿರುವಿ ನೋಡಿದರೆ ಮನುಷ್ಯ ಹೇಗೆ ನಡೆಯುತ್ತಾನೆ, ಎಲ್ಲಿ ಭಾರ ಹಾಕುತ್ತಾನೆ, ಯಾವ ಸುಳ್ಳು ಹೇಳುತ್ತಿದ್ದಾನೆ ಎಲ್ಲ ಗೊತ್ತಾಗುತ್ತದೆ ಎನ್ನುವುದು ಅವಳ ನಂಬಿಕೆ. ದಿನಾ ವಾಕಿಂಗ್ ಹೋಗುತ್ತೇನೆ ಎಂದ ಎಷ್ಟೋ ಜನರ ಬಂಡವಾಳವನ್ನು ಅವಳು ಬೂಟು ಮಗುಚಿ ಬಯಲು ಮಾಡಿದ್ದಳು. ಮೂರನೆಯದು, ವರ್ಷಕ್ಕೊಮ್ಮೆ ಎಲ್ಲರೂ ಬಂದು ಪಾದದ ಅಳತೆ ತೆಗೆಯುವ ಗಾಜಿನ ಹಲಗೆಯ ಮೇಲೆ ನಿಲ್ಲಬೇಕು. ಕಾಲು ಬದಲಾಗುತ್ತಿರುತ್ತದೆ, ಹಳೆಯ ಅಳತೆಗೆ ಹೊಸ ಅಟ್ಟೆ ಕೊಡುವುದು ಮೋಸ ಎನ್ನುತ್ತಿದ್ದಳು. ಈ ಮೂರೂ ಕಟ್ಟಳೆಯಿಂದ ಊರಲ್ಲಿ ಒಬ್ಬಳಿಗೆ ಮಾತ್ರ ವಿನಾಯಿತಿ ಇತ್ತು. ಅವಳು ಅಟ್ಟೆಯಕ್ಕನ ತಂಗಿ.

ತಂಗಿಗೆ ಮೂರು ವರ್ಷವಿದ್ದಾಗ ಜ್ವರ ಬಂದು ಎಡಗಾಲು ಸೊರಗಿತು. ಶಾಲೆಗೆ ಸೇರುವ ಹೊತ್ತಿಗೆ ಎರಡು ಕಾಲಿಗೂ ಎದ್ದು ಕಾಣುವಷ್ಟು ವ್ಯತ್ಯಾಸ. ಅಪ್ಪ ಇಬ್ಬರಿಗೂ ಒಂದೇ ಥರದ ಬೂಟು ತಂದುಕೊಟ್ಟರು, ಪಾಪ, ಅವರಿಗೆ ಅಷ್ಟೇ ಗೊತ್ತಿದ್ದದ್ದು. ದಾರಿಯಲ್ಲಿ ಹುಡುಗರು ತಂಗಿಯ ಹಿಂದೆ ಅವಳಂತೆಯೇ ವಾಲಾಡುತ್ತ ನಡೆದು ಬರುತ್ತಿದ್ದರು. ಹದಿಮೂರು ವರ್ಷದ ಅಕ್ಕ ಒಂದು ಭಾನುವಾರ ಅಮ್ಮನ ರಬ್ಬರ್ ಚಪ್ಪಲಿಯನ್ನು ಅಡುಗೆಮನೆಯ ಚಾಕುವಿನಿಂದ ಕತ್ತರಿಸಿ, ತಂಗಿಯ ಎಡಗಾಲಿನ ಬೂಟಿನ ಅಡಿಗೆ ಮೊಳೆ ಹೊಡೆದು ಕೂರಿಸಿದಳು. ಬೆನ್ನ ಮೇಲೆ ಎರಡು ಏಟು ಬಿದ್ದವು, ಆದರೆ ಮಾರನೆಯ ದಿನ ತಂಗಿ ವಾಲಾಡದೆ ಶಾಲೆಗೆ ಹೋದಳು. ಅಟ್ಟೆಯಕ್ಕನ ಜೀವನದಲ್ಲಿ ಆಮೇಲೆ ಆದದ್ದೆಲ್ಲ, ಬೂಟಿನ ಅಂಗಡಿಯ ಕೆಲಸ, ಆಸ್ಪತ್ರೆಯ ಪಾದ ವಿಭಾಗದಲ್ಲಿ ಕಲಿತದ್ದು, ಸ್ವಂತದ ಅಂಗಡಿ, ಎಲ್ಲವೂ ಆ ಚಪ್ಪಲಿಯ ತುಂಡಿನಿಂದಲೇ ಹೊರಟದ್ದು. ಅದನ್ನು ಅವಳು ಯಾರು ಕೇಳಿದರೂ ಹೇಳುತ್ತಿದ್ದಳು, ಕೇಳದಿದ್ದರೂ ಹೇಳುತ್ತಿದ್ದಳು.

ಹತ್ತೊಂಬತ್ತು ವರ್ಷದ ಹಿಂದೆ ಗಾಜಿನ ಹಲಗೆ, ಕತ್ತರಿಸುವ ಯಂತ್ರ, ಎರಡನ್ನೂ ನಡೆಸುವ ಕಂಪ್ಯೂಟರ್ ಬಂದಾಗ ಮೊದಲು ಗಾಜಿನ ಮೇಲೆ ನಿಂತವಳು ತಂಗಿ. ಅವಳ ಪಾದದ ಚಿತ್ರ ಒಂದನೇ ನಂಬರಾಗಿ ಕೂತಿತು. ಈಗ ನಂಬರು ಸಾವಿರದ ನೂರು ದಾಟಿದೆ. ತಂಗಿ ದೊಡ್ಡಾಸ್ಪತ್ರೆಯಲ್ಲಿ ನರ್ಸು, ದಿನಕ್ಕೆ ಎಂಟು ಗಂಟೆ ವಾರ್ಡಿನಲ್ಲಿ ಓಡಾಡುವವಳು. ವರ್ಷಕ್ಕೊಂದು ಜೊತೆ ಸವೆಸುತ್ತಿದ್ದಳು. ವರ್ಷಕ್ಕೊಮ್ಮೆ ಅಕ್ಕ ಒಂದನೇ ನಂಬರು ತೆಗೆದು, ಅದೇ ಅಳತೆಗೆ, ಇಪ್ಪತ್ತೆರಡು ಮಿಲಿಮೀಟರ್ ಎತ್ತರಕ್ಕೆ ಅಟ್ಟೆ ಕಟ್ಟಿ, ಪೆಟ್ಟಿಗೆಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘1 ನಮ್ಮವಳು’ ಎಂದು ಬರೆದಿಡುತ್ತಿದ್ದಳು. ತಂಗಿ ಬಂದು ಹಾಕಿಕೊಳ್ಳುತ್ತಿದ್ದಳು. ಅಕ್ಕ “ನಡೆದು ತೋರ್ಸು” ಎನ್ನುತ್ತಿದ್ದಳು. ತಂಗಿ ಬಾಗಿಲಿನಿಂದ ಯಂತ್ರದ ತನಕ, ಯಂತ್ರದಿಂದ ಬಾಗಿಲಿನ ತನಕ ನೆಟ್ಟಗೆ ನಡೆದು ತೋರಿಸುತ್ತಿದ್ದಳು. ಆ ಎರಡು ನಿಮಿಷ ಅಟ್ಟೆಯಕ್ಕನ ಮುಖ ನೋಡಬೇಕು. ಹಳೆಯ ಜೊತೆ ಎಲ್ಲಿ ಎಂದರೆ ತಂಗಿ ಪ್ರತಿ ಸಲವೂ “ಬಿಸಾಕ್ದೆ ಕಣೇ, ಗಬ್ಬೆದ್ದು ಹೋಗಿತ್ತು” ಎನ್ನುವಳು. ಬೇರೆ ಗಿರಾಕಿ ಹಾಗೆ ಹೇಳಿದ್ದರೆ ಅರ್ಧ ಗಂಟೆ ಬೈಗುಳ ತಿನ್ನುತ್ತಿದ್ದ. ತಂಗಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಒಂದನೇ ನಂಬರು ತನಗೆ ಕಂಠಪಾಠ ಎಂಬ ಜಂಬ ಅವಳಿಗೆ.

ಇನ್ನು ಆ ಯಂತ್ರಕ್ಕೆ ಹುಟ್ಟಿನಿಂದಲೇ ಒಂದು ಐಬಿತ್ತು, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾಮೆರಾ ಇರುವುದು ಗಾಜಿನ ಕೆಳಗೆ. ಕೆಳಗಿನಿಂದ ನೋಡಿದ್ದರಿಂದ ಎಡಗಾಲು ಪರದೆಯ ಬಲಕ್ಕೆ ಬರುತ್ತಿತ್ತು, ಪ್ರೋಗ್ರಾಂ ಹಿಂದೆ ಮುಂದೆ ನೋಡದೆ ಅದಕ್ಕೆ ‘ಬಲ’ ಎಂದೇ ಹೆಸರು ಹಾಕುತ್ತಿತ್ತು. ಯಂತ್ರ ಕೂರಿಸಲು ಬಂದಿದ್ದ ಇಂಜಿನಿಯರು “ಮುಂದಿನ ವಾರ ಬಂದು ಸರಿಮಾಡ್ತೀನಿ ಮೇಡಂ” ಎಂದು ಹೋದವನು ಈ ಹತ್ತೊಂಬತ್ತು ವರ್ಷದಲ್ಲಿ ಆ ವಾರವನ್ನು ಕಂಡಿಲ್ಲ. ಅವನ ಕಂಪನಿಯೂ ಬಾಗಿಲು ಹಾಕಿತು. ಅಟ್ಟೆಯಕ್ಕ ತನ್ನದೇ ದಾರಿ ಕಂಡುಕೊಂಡಳು. ಪರದೆ ಬಲ ಎಂದರೆ ಅವಳು ಚೀಟಿಯ ಮೇಲೆ ಎಡ ಎಂದು ಬರೆಯುವಳು, ಎಡ ಎಂದರೆ ಬಲ. ಕಾರ್ಕಿನ ಪದರಕ್ಕೆ ಎರಡೂ ಮೈ ಒಂದೇ, ಮಗುಚಿ ಅಂಟಿಸಿದರೆ ಸರಿಯಾದ ಕಾಲಿಗೆ ಕೂರುತ್ತದೆ. ಒಳಕೋಣೆಯಲ್ಲಿ ಕೂತು ಅಂಟಿಸಿ ಹೊಲಿಯುವ ಅಜ್ಜ ಕಂಪ್ಯೂಟರ್ ಕಡೆ ಕಣ್ಣೆತ್ತಿಯೂ ನೋಡಿದವರಲ್ಲ. ಅವರಿಗೆ ಕಿವಿ ಮಂದ, ಮಾತು ಕಡಿಮೆ. ಚೀಟಿ ನೋಡುವುದು, ಹೊಲಿಯುವುದು. ಅವರ ಮಟ್ಟಿಗೆ ಚೀಟಿಯಲ್ಲಿ ಬರೆದದ್ದೇ ಕಾಲು.

ವರ್ಷಗಳು ಕಳೆದಂತೆ ಈ ತಿರುಗುಮುರುಗು ಅವಳ ರಕ್ತಕ್ಕೇ ಇಳಿದುಹೋಗಿತ್ತು. ಆಟೋದವನಿಗೆ ದಾರಿ ಹೇಳುವಾಗಲೂ ಎಡಕ್ಕೆ ಬಲ ಎನ್ನುವಳು. “ನಿನ್ನ ಮಾತು ಕೇಳ್ಕೊಂಡು ನಾನು ಬಸ್ ಓಡ್ಸಿದ್ರೆ ಅರವತ್ತು ಜನ ಹೊಳೇಲಿ ಇರ್ತಿದ್ರು” ಎಂದು ಗಂಡ ನಗುತ್ತಿದ್ದ. ಅವನು ಸಿಟಿ ಬಸ್ಸಿನ ಡ್ರೈವರು. ಅವನ ದಾರಿಯಲ್ಲೇ ದೊಡ್ಡಾಸ್ಪತ್ರೆ.

ಆ ದೊಡ್ಡಾಸ್ಪತ್ರೆಯಿಂದಲೇ ಈಗ ತಲೆನೋವು ಬಂದದ್ದು. ಅವಳಿಗೆ ಬರುವ ಪ್ರತಿ ನಾಲ್ಕು ಗಿರಾಕಿಗಳಲ್ಲಿ ಮೂವರು ಅಲ್ಲಿಯ ಪಾದ ವಿಭಾಗ ಕಳಿಸಿದವರು. ಅವರ ವಿವರವೆಲ್ಲ ಕಂಪ್ಯೂಟರಿಗೇ ಬಂದು ಬೀಳುತ್ತಿತ್ತು. ಪಾದ ವಿಭಾಗದ ಮೇಡಂ ಕಳಿಸಿದ ಪತ್ರದಲ್ಲಿ, ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಳೆಯ ಆಪರೇಟಿಂಗ್ ಸಿಸ್ಟಂ ಇರುವ ಕಂಪ್ಯೂಟರುಗಳಿಗೆ ರೋಗಿಗಳ ವಿವರ ಕಳಿಸುವುದಿಲ್ಲ, ಕದಿಯುವವರು ಹೆಚ್ಚಾಗಿದ್ದಾರೆ ಎಂದು ಬರೆದಿತ್ತು. ಯಾರದೋ ಅಂಗಾಲಿನ ಚಿತ್ರ ಕದ್ದು ಕಳ್ಳ ಏನು ಮಾಡುತ್ತಾನೋ ಅಟ್ಟೆಯಕ್ಕನಿಗೆ ಹೊಳೆಯಲಿಲ್ಲ. ಆದರೆ ಹೊಸದು ಹಾಕಿಕೊಳ್ಳದಿದ್ದರೆ ಅಂಗಡಿಯ ಕೆಲಸದಲ್ಲಿ ಮುಕ್ಕಾಲು ಪಾಲು ನಿಂತಂತೆಯೇ ಎನ್ನುವುದು ಸರಿಯಾಗಿಯೇ ಹೊಳೆಯಿತು.

ಹಾಕಿಕೊಂಡರೆ? ಅದಕ್ಕೆ ಉತ್ತರ ಹೇಳಬೇಕಾದವನು ಕಂಪ್ಯೂಟರ್ ರಿಪೇರಿಯವನು. ಏನೇ ತೊಂದರೆ ಹೇಳಿದರೂ ಮೊದಲು ರೀಸ್ಟಾರ್ಟ್ ಮಾಡಿ ಎನ್ನುವುದರಿಂದ ಬೀದಿಯಲ್ಲಿ ಅವನ ಹೆಸರೇ ರೀಸ್ಟಾರ್ಟ್.

“ಅಕ್ಕ, ಹೊಸ ಸಿಸ್ಟಂಗೆ ನಿಮ್ಮ ಹಳೇ ಪ್ರೋಗ್ರಾಂ ಆಗಲ್ಲ. ಆದ್ರೆ ಬೇರೆ ಒಂದು ಕಂಪ್ನಿಯವ್ರು ಅದನ್ನ ತಗೊಂಡು ಹೊಸದಾಗಿ ಮಾಡಿದಾರೆ. ಅದು ಹಾಕ್ಬೋದು,” ಎಂದ ಅವನು.

“ನನ್ನ ಚಿತ್ರಗಳು ಅದ್ರಲ್ಲಿ ತೆರ್ಕೊಳ್ತಾವಾ?”

“ತೆರ್ಕೊಳ್ಬೇಕು.”

“ತೆರ್ಕೊಳ್ಬೇಕು ಅಂದ್ರೆ ಏನಪ್ಪ? ತೆರ್ಕೊಳ್ತಾವೋ ಇಲ್ವೋ?”

“ತೆರ್ಕೊಳ್ತಾವೆ ಅಕ್ಕ. ಬಹುಶಃ.”

“ಇಲ್ಲ ಅಂದ್ರೆ ಹಳೇದಕ್ಕೇ ವಾಪಸ್ ಹೋಗ್ಬೋದಾ?”

ರೀಸ್ಟಾರ್ಟ್ ತಲೆ ಕೆರೆದುಕೊಂಡ. “ನಿಮ್ಮ ಈ ಪೆಟ್ಟಿಗೆ ಒಂದ್ಸಲ ಹತ್ತಿದ್ರೆ ಮತ್ತೆ ಇಳಿಯತ್ತೆ ಅಂತ ನಾನು ಹೇಳಲ್ಲ. ವಯಸ್ಸಾಗಿದೆ ಅದಕ್ಕೆ. ಚಿತ್ರ ಎಲ್ಲಾ ಬೇರೆ ಡಿಸ್ಕಿಗೆ ಕಾಪಿ ಮಾಡಿ ಕೊಡ್ತೀನಿ.”

ಕಾಪಿಯ ಮಾತು ಕೇಳಿ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಯೋಚನೆ ಹತ್ತಿತು. ಆ ಚಿತ್ರಗಳನ್ನು ತೆರೆಯಬಲ್ಲದ್ದು ಆ ಪ್ರೋಗ್ರಾಂ ಒಂದೇ. ಅದೇ ಹೋದ ಮೇಲೆ ಡಿಸ್ಕನ್ನು ಕಪಾಟಿನಲ್ಲಿಟ್ಟು ಮುಖ ನೋಡುತ್ತಾ ಕೂರಬೇಕಷ್ಟೆ. ಎದುರಿನ ಹಲ್ಲಿನ ಸೆಟ್ಟಿನವನು ಹೀಗೇ ಹುಮ್ಮಸ್ಸಿನಿಂದ ಹೊಸದು ಹಾಕಿಸಿಕೊಂಡು, ಅವನ ಯಂತ್ರ ಎರಡು ವಾರ ಮಾತು ಬಿಟ್ಟು ಕೂತಿತ್ತು. ಹಲ್ಲಿಲ್ಲದ ಮುದುಕರೆಲ್ಲ ಬಾಗಿಲಲ್ಲಿ ಬಂದು ಬೈದು ಹೋದರು. ಬೈದದ್ದು ಅರ್ಥವಾಗದ್ದರಿಂದ ಅವನು ಬಚಾವಾದ.

ಉಳಿದವರ ಪಾದ ಹೋದರೆ ಹೋಯಿತು, ಮತ್ತೆ ಗಾಜಿನ ಮೇಲೆ ನಿಲ್ಲಿಸಿ ತೆಗೆಯಬಹುದು, ಹೇಗೂ ವರ್ಷಕ್ಕೊಮ್ಮೆ ಬರುವವರೇ. ಅವಳ ಜೀವ ಹಿಡಿದುಕೊಂಡಿದ್ದು ಒಂದನೇ ನಂಬರನ್ನು. ಹತ್ತೊಂಬತ್ತು ವರ್ಷದ ಹಿಂದೆ ಮೂರು ವಾರ ಕೂತು, ಒಂದೊಂದೇ ಮಿಲಿಮೀಟರ್ ತಿದ್ದಿ, ಏಳು ಜೊತೆ ಕೆಡಿಸಿ, ಎಂಟನೆಯ ಜೊತೆಯಲ್ಲಿ ತಂಗಿ ಒಂಚೂರೂ ವಾಲದೆ ನಡೆದಾಗ ಉಳಿಸಿಕೊಂಡ ಚಿತ್ರ ಅದು. ಅಂಥ ಅಳತೆ ಇನ್ನೊಂದು ಸಲ ತನ್ನ ಕೈಗೆ ಬರುತ್ತದೆ ಎಂಬ ಧೈರ್ಯ ಅವಳಿಗೆ ಇರಲಿಲ್ಲ. ಅದು ಕಳೆದರೆ ತಂಗಿ ಮತ್ತೆ ಕುಂಟುತ್ತಾಳೆ. ಹೆದರಿಕೆ ಇಷ್ಟೇ, ಆದರೆ ಅದು ಅರವತ್ತಮೂರು ದಿನ ಅವಳನ್ನು ಕೂರಲು ಬಿಡಲಿಲ್ಲ.

ತಂಗಿಯನ್ನೇ ಕೇಳಿದಳು. ಫೋನಿನಲ್ಲಿ ಎಲ್ಲ ವಿವರಿಸಿದ ಮೇಲೆ ತಂಗಿ ಹೇಳಿದ್ದು ಇಷ್ಟು. “ಹಾಕ್ಕೋ ಅಕ್ಕ. ಅದಕ್ಯಾಕೆ ಇಷ್ಟು ಒದ್ದಾಡ್ತೀಯ? ನನ್ನ ಚಿತ್ರ ಹೋದ್ರೆ ಹೋಗ್ಲಿ ಬಿಡು. ಹೊಸದಾಗಿ ತೆಗಿ.”

ಅಟ್ಟೆಯಕ್ಕನಿಗೆ ಸರ್ರನೆ ಏರಿತು. “ಹೊಸದಾಗಿ ತೆಗಿ ಅಂತೆ. ಎಷ್ಟು ಸಲೀಸಾಗಿ ಹೇಳ್ತೀಯೇ. ಅದು ಮಾಡೋಕೆ ನಾನು ಎಷ್ಟು ಕಷ್ಟ ಬಿದ್ದಿದೀನಿ ಗೊತ್ತಾ ನಿಂಗೆ?”

“ಗೊತ್ತು ಕಣೇ. ಅದಕ್ಕೇ...” ಎಂದು ತಂಗಿ ಅಲ್ಲಿಗೇ ನಿಲ್ಲಿಸಿದಳು. “ಹೋಗ್ಲಿ ಬಿಡು. ಡಾಕ್ಟ್ರು ಕರೀತಿದಾರೆ.”

ಅದಕ್ಕೇ ಏನು ಎಂದು ಅಟ್ಟೆಯಕ್ಕ ಕೇಳಲಿಲ್ಲ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ಅವಳು ಫೋನು ಇಟ್ಟು, ಸಿಟ್ಟಿನಲ್ಲಿ ಕಾರ್ಕಿನ ಹಾಳೆಗಳನ್ನೆಲ್ಲ ಕಪಾಟಿನಿಂದ ಇಳಿಸಿ, ಮತ್ತೆ ಹಾಗೇ ಜೋಡಿಸಿದಳು.

ತಿಂಗಳು ಮುಗಿಯಲು ಮೂರು ದಿನ ಉಳಿಯಿತು. ಸಂಜೆ ಗಂಡ ಡ್ಯೂಟಿ ಮುಗಿಸಿ ಅಂಗಡಿಗೆ ಬಂದು, ಗಿರಾಕಿ ಕೂರುವ ಕುರ್ಚಿಯಲ್ಲಿ ಕಾಲು ಚಾಚಿದ. ಅವಳು ಯಂತ್ರದಿಂದ ಬಾಗಿಲಿಗೆ, ಬಾಗಿಲಿನಿಂದ ಯಂತ್ರಕ್ಕೆ ಓಡಾಡುತ್ತಿದ್ದಳು.

“ಕೂತ್ಕೊಳ್ಳೇ ಒಂಚೂರು. ನಿನ್ನ ನೋಡಿದ್ರೆ ನಂಗೇ ಕಾಲು ನೋವು ಬರ್ತಿದೆ.”

“ನೀವಾದ್ರೂ ಹೇಳಿ ಏನು ಮಾಡ್ಲಿ ಅಂತ.”

“ನಾನೇನು ಹೇಳ್ಲಿ? ನಮ್ಗೆ ಡಿಪೋದಲ್ಲಿ ಹೊಸ ಬಸ್ ಕೊಟ್ರಲ್ಲ, ಗೇರೇ ಇಲ್ಲದ್ದು. ಒಂದು ತಿಂಗಳು ಎಡಗೈ ತಾನೇ ಗೇರ್ ಹುಡ್ಕೋದು. ಇಲ್ಲದ ಗೇರ್ ಹಾಕಿ ಹಾಕಿ ಕಂಡಕ್ಟರ್ ನಕ್ಕಿದ್ದೇ ನಕ್ಕಿದ್ದು. ಆದ್ರೆ ಬಸ್ಸೇನೋ ಓಡ್ತು.”

“ಬಸ್ಸಿಗೂ ನನ್ನ ತಂಗಿ ಕಾಲಿಗೂ ಏನ್ರೀ ಸಂಬಂಧ?”

“ಏನೂ ಇಲ್ಲ. ನೀನು ಕೇಳ್ದೆ, ನಾನು ಹೇಳ್ದೆ,” ಎಂದು ಅವನು ಕಣ್ಣು ಮುಚ್ಚಿದ.

ಮಾರನೆಯ ಬೆಳಿಗ್ಗೆ ಉಂಗುರ ಸುತ್ತಿ ನಿಂತಿತು, ಅದೇ ಪ್ರಶ್ನೆ ಬಂತು. ಅವಳ ಕೈ ಅಭ್ಯಾಸದಂತೆ ‘ನಂತರ’ದ ಕಡೆ ಹೋಯಿತು, ಒತ್ತಲಿಲ್ಲ. ಇನ್ನು ಒಂದು ದಿನವೂ ಹೀಗೆ ಮುಳ್ಳಿನ ಮೇಲೆ ಕೂರಲಾರೆ ಎನಿಸಿ ರೀಸ್ಟಾರ್ಟನಿಗೆ ಫೋನು ಹಚ್ಚಿದಳು. ಧೈರ್ಯ ಬಂದು ಮಾಡಿದ್ದಲ್ಲ, ಸಾಕಾಗಿ ಮಾಡಿದ್ದು.

ಅವನು ಬಂದು ಒಂದಲ್ಲ, ಎರಡು ಡಿಸ್ಕಿಗೆ ಕಾಪಿ ಮಾಡಿದ. ಎರಡನ್ನೂ ಅವಳು ಬೇರೆ ಬೇರೆ ಚೀಲದಲ್ಲಿ ಸುತ್ತಿ ಬೇರೆ ಬೇರೆ ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ‘ಈಗಲೇ’ ಒತ್ತಿದ್ದು ಯಾರು ಎನ್ನುವುದರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಅವಳು ಅವನೆನ್ನುತ್ತಾಳೆ, ಅವನು ಅವಳೆನ್ನುತ್ತಾನೆ.

ಪರದೆ ಕಪ್ಪಾಗಿ ಅಂಕಿ ಏರತೊಡಗಿತು. ಶೇಕಡಾ ಎಂಟು, ಹದಿನೈದು, ಇಪ್ಪತ್ತೊಂಬತ್ತು. ಮೂವತ್ತನಾಲ್ಕಕ್ಕೆ ಬಂದು ಕೂತದ್ದು ಏಳಲೇ ಇಲ್ಲ. ಅಟ್ಟೆಯಕ್ಕ ಬಸ್ ಸ್ಟಾಪಿನ ತನಕ ಹೋಗಿ ಬಂದಳು, ಮೂವತ್ತನಾಲ್ಕು. ಬೀಗದ ಕೈಯವನ ಹತ್ತಿರ ಬೇಡದ ಮಾತೆಲ್ಲ ಆಡಿ ಬಂದಳು, ಮೂವತ್ತನಾಲ್ಕು. ಅಜ್ಜನಿಗೆ ಹೋಗಿ ಹೇಳಿದಳು. ಅಜ್ಜ ಕಿವಿಗೆ ಕೈ ಹಚ್ಚಿ “ಯಾರ ಸೈಜು ತಾಯಿ?” ಎಂದರು.

“ರೀಸ್ಟಾರ್ಟ್ ಮಾಡೋಣ್ವಾ?” ಎಂದು ಅವಳೇ ಕೇಳಿದಳು.

“ಅಯ್ಯೋ ಬೇಡ ಅಕ್ಕ,” ಎಂದ ರೀಸ್ಟಾರ್ಟ್. ಅವನ ಬಾಯಲ್ಲಿ ಆ ಮಾತು ಕೇಳಿ ಅವಳು ಮತ್ತೆ ಬಸ್ ಸ್ಟಾಪಿನ ಕಡೆ ಹೊರಟಳು.

ನಲವತ್ತು ನಿಮಿಷದ ಮೇಲೆ ಅದು ಮೂವತ್ತೈದಾಯಿತು. ಆಮೇಲೆ ಓಡಿತು. ಮಧ್ಯಾಹ್ನ ಎರಡೂವರೆಗೆ ಹೊಸ ಬಣ್ಣದ ಪರದೆ ಬಂತು, ಹೊಸ ಪ್ರೋಗ್ರಾಂ ಕೂತಿತು, ಗಾಜು ಬೆಳಗಿತು, ಕತ್ತರಿಸುವ ಯಂತ್ರ ಒಂದು ಸಲ ಕೆಮ್ಮಿ ತಯಾರಾಯಿತು. ಅವಳು ಒಂದನೇ ನಂಬರು ಒತ್ತಿದಳು. ಹಳೆಯ ಚಿತ್ರವನ್ನು ಹೊಸ ರೀತಿಗೆ ತಿದ್ದಿಕೊಳ್ಳಲಾಗುತ್ತಿದೆ ಎಂದು ಒಂದು ಸಾಲು ಮಿಂಚಿ ಮಾಯವಾಯಿತು, ಪಾದಗಳು ಬಂದು ನಿಂತವು. ಅದೇ ಸೊರಗಿದ ಹಿಮ್ಮಡಿ, ಅದೇ ಒಳಗೆ ಸರಿದ ಕಿರುಬೆರಳು, ಅದೇ ಇಪ್ಪತ್ತೆರಡು. ಅಟ್ಟೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊಸ ಯಂತ್ರವ್ಯವಸ್ಥೆಯನ್ನು ಪರರ ಕಾಲ ಮೇಲೆ ಪ್ರಯೋಗ ಮಾಡಬಾರದು ಎಂದು ಮೊದಲ ಜೊತೆಯನ್ನು ತಂಗಿಗೇ ಮಾಡಲು ಕೂತಳು. ಹೇಗೂ ವರ್ಷವಾಗಿತ್ತು. ಪದರಗಳು ಒಂದೊಂದಾಗಿ ಕತ್ತರಿಸಿ ಬಂದವು. ಅವಳು ಪರದೆ ನೋಡಿ ಚೀಟಿ ಬರೆದು, ಪದರಗಳ ಕಟ್ಟಿಗೆ ಸಿಕ್ಕಿಸಿ, ಅಜ್ಜನ ಮುಂದಿಟ್ಟಳು. ತಂಗಿ ರಜೆಯ ದಿನ ಬರುವ ತನಕ ಕಾಯುವಷ್ಟು ತಾಳ್ಮೆ ಉಳಿದಿರಲಿಲ್ಲ. ಮಾರನೆಯ ಬೆಳಿಗ್ಗೆ ಗಂಡ ಬಸ್ಸಿಗೆ ಹೊರಟಾಗ ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟು, ಆಸ್ಪತ್ರೆಯ ಗೇಟಿನಲ್ಲಿ ಇಳಿಸಲು ಹೇಳಿದಳು. ಮುಚ್ಚಳದ ಮೇಲೆ ಎಂದಿನಂತೆ ‘1 ನಮ್ಮವಳು’.

ಕೆಲಸವೆಲ್ಲ ಮುಗಿದ ಮೇಲಾದರೂ ಅವಳು ನೆಮ್ಮದಿಯಾಗಿ ಕೂರಬೇಕಿತ್ತು. ಯಾಕೋ ಕೂರಲಾಗಲಿಲ್ಲ. ಪಾದ ವಿಭಾಗದ ನಾಲ್ಕು ಜನರ ವಿವರ ಹೊಸ ಪರದೆಯ ಮೇಲೆ ಬಂದು ಕಾಯುತ್ತಿತ್ತು. ಮೊದಲನೆಯವರದನ್ನು ಕತ್ತರಿಸಲು ಹಾಳೆ ಇಟ್ಟಳು, ತೆಗೆದಳು, ತಂಗಿಯ ಫೋನು ಬರಲಿ ಎಂದು ಮತ್ತೆ ಬಾಗಿಲಿಗೆ ಬಂದಳು. ಫೋನು ಬರಲಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಬಸ್ ಸ್ಟಾಪಿನಲ್ಲಿ ತಂಗಿಯೇ ಇಳಿದಳು. ಕಂಕುಳಲ್ಲಿ ಪೆಟ್ಟಿಗೆ, ಕಾಲಲ್ಲಿ ಹಳೆಯ ಜೊತೆ.

“ಅಕ್ಕ, ಇದು ಯಾರದ್ದೇ?” ಎಂದು ತಂಗಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಬಿಚ್ಚಿದಳು.

ಅಟ್ಟೆಯಕ್ಕ ನೋಡಿದಳು. ಎಡಗಾಲಿನ ಬೂಟು ಚಪ್ಪಟೆ. ಬಲಗಾಲಿನ ಬೂಟಿನ ಅಡಿಗೆ, ನೆಟ್ಟಗಿರುವ ಕಾಲಿನ ಅಡಿಗೆ, ಇಪ್ಪತ್ತೆರಡು ಮಿಲಿಮೀಟರ್ ಕಾರ್ಕು ಅಚ್ಚುಕಟ್ಟಾಗಿ ಕೂತಿತ್ತು.

“ಅಜ್ಜಾ,” ಎಂದು ಕೂಗಿದಳು. ಅಜ್ಜ ಬಂದು, ಬೂಟು ನೋಡಿ, ಮೊಳೆಗೆ ಚುಚ್ಚಿಟ್ಟಿದ್ದ ಹಳೆಯ ಚೀಟಿಗಳಲ್ಲಿ ಹುಡುಕಿ ಒಂದನ್ನು ತೆಗೆದು ತೋರಿಸಿದರು. “ಚೀಟೀಲಿ ಹಾಗೇ ಇತ್ತು ತಾಯಿ.”

ಹಾಗೇ ಇತ್ತು. ಅವಳದೇ ಅಕ್ಷರ. ಅವಳು ಪರದೆಯ ಕಡೆ ತಿರುಗಿದಳು. ಸೊರಗಿದ ಪಾದದ ಕೆಳಗೆ ‘ಎಡ’ ಎಂದು ಸ್ಪಷ್ಟವಾಗಿ ಬರೆದಿತ್ತು. ಹೊಸ ಪ್ರೋಗ್ರಾಂ ಬಂದದ್ದೇ ಬಾರದ ಇಂಜಿನಿಯರಿನ ಕೆಲಸವನ್ನು ಮುಗಿಸಿಬಿಟ್ಟಿತ್ತು, ಹಳೆಯ ಚಿತ್ರಗಳನ್ನೂ ತಿರುಗಿಸಿ ಸರಿಮಾಡಿಕೊಂಡಿತ್ತು. ಪರದೆ ಮೊದಲ ಸಲ ನಿಜ ಹೇಳಿದ ದಿನ ಅವಳ ಕೈ ಹಳೆಯ ಅಭ್ಯಾಸದಿಂದ ಅದನ್ನು ಸುಳ್ಳು ಮಾಡಿ ಬರೆದಿತ್ತು. ಪಾದ ವಿಭಾಗದ ಹಾಳೆ ಇನ್ನೂ ಕತ್ತರಿಸಿರಲಿಲ್ಲ ಎಂಬುದೊಂದೇ ಪುಣ್ಯ.

ತಂಗಿ ನಗತೊಡಗಿದಳು. “ಭಾವ ಹೇಳ್ತಿದ್ದಿದ್ದು ಸರಿ, ಎಲ್ರೂ ಹೊಳೇಲಿ.”

ಅಟ್ಟೆಯಕ್ಕನಿಗೆ ನಗು ಬರಲಿಲ್ಲ. “ಕೂತ್ಕೋ. ಬಿಚ್ಚು ಅದನ್ನ. ಹೋಲ್ಸಿ ನೋಡ್ಬೇಕು,” ಎಂದು ಬಗ್ಗಿ ತಂಗಿಯ ಎಡಗಾಲಿನ ಹಳೆಯ ಬೂಟಿಗೆ ಕೈ ಹಾಕಿದಳು.

“ಬೇಡ ಅಕ್ಕ, ನಾನೇ...” ಎಂದು ತಂಗಿ ಕಾಲು ಎಳೆದುಕೊಂಡಳು. ಅಷ್ಟರಲ್ಲಿ ಬೂಟು ಅಕ್ಕನ ಕೈಯಲ್ಲಿತ್ತು.

ತೂಕದಲ್ಲೇ ಅವಳಿಗೆ ಗೊತ್ತಾಯಿತು. ಒಳಗೆ ಕೈ ಹಾಕಿದಳು. ಹಿಮ್ಮಡಿಯ ಜಾಗದಲ್ಲಿ ತಾನು ಇಡದ ಏನೋ ಇತ್ತು. ಎಳೆದಾಗ ಹೊರಗೆ ಬಂದದ್ದು ಆಸ್ಪತ್ರೆಯ ಬಿಳಿ ಪ್ಲಾಸ್ಟರ್ ಪಟ್ಟಿಯಿಂದ ನೀಟಾಗಿ ಸುತ್ತಿದ ಒಂದು ದಪ್ಪ ಬಿಲ್ಲೆ. ಉಗುರಿನಿಂದ ಪಟ್ಟಿ ಬಿಡಿಸಿದಳು. ಒಳಗೆ ಆರು ಪದರ ರಟ್ಟು, ಹಿಮ್ಮಡಿಯ ಆಕಾರಕ್ಕೆ ಕತ್ತರಿಸಿದ್ದು. ಮೇಲಿನ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ಮ್ಮವ’ ಎಂದಿತ್ತು. ಅದರ ಕೆಳಗಿನದರ ಮೇಲೆ ‘1 ನ’. ಅದರ ಕೆಳಗಿನದರಲ್ಲಿ ಮಾಸಿಹೋದ ‘ವಳು’. ಪ್ರತಿ ವರ್ಷ ತಾನು ಬರೆದು ಕಳಿಸಿದ ಪೆಟ್ಟಿಗೆಯ ಮುಚ್ಚಳಗಳು.

ಅಜ್ಜ ಮೆಲ್ಲಗೆ ಒಳಕೋಣೆಗೆ ಹೋದರು.

“ಯಾವಾಗಿಂದ?” ಎಂದಳು ಅಟ್ಟೆಯಕ್ಕ.

“ಆರು ವರ್ಷ ಆಯ್ತು. ಪಾದ ಕುಸೀತಾ ಬಂತು ಕಣೇ. ನಿಂತು ನಿಂತು ಹಾಗಾಗತ್ತೆ. ಮೊದ್ಲು ಒಂದು ರಟ್ಟು ಸಾಕಾಗ್ತಿತ್ತು.”

“ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳೋಣ ಅಂತಾನೇ ಪ್ರತಿ ಸಲ ಬರ್ತಿದ್ದೆ. ನೀನು ನಡೆದು ತೋರ್ಸು ಅಂತಿದ್ದೆ. ನಿನ್ನ ಮುಖ ನೋಡಿ ಹೇಳೋಕೆ ಬಾಯಿ ಬರ್ತಿರ್ಲಿಲ್ಲ. ಆ ಹತ್ತು ಹೆಜ್ಜೆ ಹಲ್ಲು ಕಚ್ಚಿ ನೆಟ್ಟಗೆ ಇಟ್ಬಿಡ್ತಿದ್ದೆ. ಮನೆಗೆ ಹೋಗಿ ರಟ್ಟು ಇಟ್ಕೋತಿದ್ದೆ. ಅದಕ್ಕೇ ಅಲ್ವಾ ಹಳೇದನ್ನ ನಿಂಗೆ ಕೊಡ್ತಿರ್ಲಿಲ್ಲ.”

ಮೊದಲು ಬಂದದ್ದು ಸಿಟ್ಟು. ಊರವರ ಬೂಟೆಲ್ಲ ಮಗುಚಿ ನೋಡುವ ತನ್ನ ಕಣ್ಣೆದುರೇ ಆರು ವರ್ಷ ನಾಟಕವಾಡಿದಳಲ್ಲ ಎಂದು ರಟ್ಟುಗಳನ್ನು ಮೇಜಿನ ಮೇಲೆ ಕುಕ್ಕಿದಳು. ಆದರೆ ಸಿಟ್ಟು ಹೋಗಿ ತಂಗಿಗೆ ತಾಗಲಿಲ್ಲ, ಸುತ್ತಿ ಬಂದು ಅವಳಿಗೇ ಬಡಿಯಿತು. ಹಳೆಯ ಅಳತೆಗೆ ಹೊಸ ಅಟ್ಟೆ ಕೊಡುವುದು ಮೋಸ ಎಂದು ಸಾವಿರದ ನೂರು ಜನರಿಗೆ ಪಾಠ ಹೇಳಿದವಳು ತಾನು. ಅರವತ್ತಮೂರು ದಿನ ಎಲ್ಲಿ ಕಳೆದುಹೋಗುತ್ತದೋ ಎಂದು ಜೀವ ಬಿಟ್ಟಿದ್ದು ಒಂದು ಚಿತ್ರಕ್ಕೆ. ಅದರಲ್ಲಿದ್ದ ಕಾಲು ಆರು ವರ್ಷದ ಹಿಂದೆಯೇ ಅದನ್ನು ಬಿಟ್ಟು ಹೋಗಿತ್ತು. ಅವಳಿಗೆ ಅಳು ಬಂತು, ನಾಚಿಕೆಯೂ ಆಯಿತು. ತಂಗಿಗೆ ಕಾಣದಿರಲೆಂದು ಗಾಜು ಒರೆಸುವ ಬಟ್ಟೆ ಹುಡುಕುವವಳಂತೆ ಬಗ್ಗಿದಳು.

“ಬಾ. ನಿಲ್ಲು,” ಎಂದಳು.

ತಂಗಿ ಹತ್ತೊಂಬತ್ತು ವರ್ಷದ ಮೇಲೆ ಎರಡನೆಯ ಸಲ ಬರಿಗಾಲಲ್ಲಿ ಗಾಜಿನ ಮೇಲೆ ನಿಂತಳು. ಕೆಳಗೆ ಬೆಳಕು ಹತ್ತಿ ಆರಿತು. ಪರದೆಯ ಮೇಲೆ ಎಡಗಾಲು ಎಡಗಡೆಗೇ ಬಂತು. ಅಂಗಾಲಿನ ನಡುವೆ ಮೊದಲಿದ್ದ ಗುಳಿ ಕಾಣಲಿಲ್ಲ, ಪಾದ ಪೂರ್ತಿ ನೆಲಕ್ಕೆ ಅಂಟಿಕೊಂಡಿತ್ತು. ಎತ್ತರದ ಜಾಗದಲ್ಲಿ ಮೂವತ್ತು ಎಂದು ಬಂತು. ಅಟ್ಟೆಯಕ್ಕ ಆರು ರಟ್ಟುಗಳನ್ನೂ ಒತ್ತಿ ಹಿಡಿದು ಸ್ಕೇಲಿಟ್ಟು ನೋಡಿದಳು. ಎಂಟು. ಯಾವ ಯಂತ್ರವೂ ಇಲ್ಲದೆ ತಂಗಿ ಲೆಕ್ಕ ಸರಿಯಾಗಿಯೇ ಹಾಕಿಕೊಂಡಿದ್ದಳು.

ಆಗ ಕಂಪ್ಯೂಟರ್ ಕೇಳಿತು. ಒಂದನೇ ನಂಬರಿನಲ್ಲಿ ಈಗಾಗಲೇ ಒಂದು ಚಿತ್ರವಿದೆ, ಅದನ್ನು ತೆಗೆದು ಇದನ್ನು ಇಡಲೇ? ಅಟ್ಟೆಯಕ್ಕ ‘ನಂತರ’ ಎಲ್ಲಿದೆ ಎಂದು ಹುಡುಕಿದಳು. ಈ ಸಲ ಇರಲಿಲ್ಲ. ಹೌದು ಇತ್ತು, ಬೇಡ ಇತ್ತು.

“ಒತ್ತೇ ಅಕ್ಕ,” ಎಂದಳು ತಂಗಿ ಗಾಜಿನ ಮೇಲಿಂದಲೇ. “ಮೂರು ಗಂಟೆಗೆ ವಾರ್ಡಿಗೆ ವಾಪಸ್ ಹೋಗ್ಬೇಕು ನಂಗೆ.”

ಒತ್ತಿದಳು. ಕಪಾಟಿನೊಳಗಿನ ಎರಡು ಡಿಸ್ಕುಗಳ ನೆನಪು ಅವಳಿಗೆ ಆಗಲೂ ಆಗಲಿಲ್ಲ, ಆಮೇಲೂ ಆಗಲಿಲ್ಲ.

ಚೀಟಿ ತೆಗೆದುಕೊಂಡಳು. ಪರದೆ ನೋಡಿದಳು, ತಂಗಿಯ ಕಾಲು ನೋಡಿದಳು, ಎರಡೆರಡು ಸಲ ನೋಡಿ ‘ಎಡ’ ಎಂದು ಬರೆದಳು. ಆಮೇಲೆ ಮಾಮೂಲಿನಂತೆ ಯಂತ್ರದ ಕಡೆ ಹೋಗುವ ಬದಲು ಗಿರಾಕಿಯ ಕುರ್ಚಿ ಎಳೆದು ತಂಗಿಯನ್ನು ಕೂರಿಸಿ, ತಾನು ಎದುರಿನ ಸ್ಟೂಲಿನ ಮೇಲೆ ಕೂತಳು. ಆ ಎರಡು ತಿಂಗಳಲ್ಲಿ ಅವಳು ಸರಿಯಾಗಿ ಕೂತದ್ದು ಅದೇ ಮೊದಲು. ತಂಗಿಯ ಪಾದವನ್ನು ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡು, ಊರಿನ ಎಲ್ಲರನ್ನೂ ಕೇಳಿದ್ದ ಪ್ರಶ್ನೆಯನ್ನು ಅವಳಿಗೂ ಕೇಳಿದಳು.

“ಎಲ್ಲಿ ನೋಯತ್ತೆ ಹೇಳು.”

ತಂಗಿ ಏನೂ ಇಲ್ಲ ಎನ್ನಲು ಬಾಯಿ ತೆರೆದಳು. ಅಕ್ಕನ ಮುಖ ನೋಡಿ ಸುಮ್ಮನಾದಳು. ಆಮೇಲೆ ಬಗ್ಗಿ, ಹಿಮ್ಮಡಿಯ ಒಳಬದಿಗೆ ಬೆರಳಿಟ್ಟು, ಅಲ್ಲಿಂದ ಶುರು ಮಾಡಿದಳು. ಹೇಳುವುದು ಬಹಳವಿತ್ತು. ಮುಗಿಯುವಷ್ಟರಲ್ಲಿ ಮೂರು ಗಂಟೆ ದಾಟಿಹೋಗಿತ್ತು.